ಮೀನಖಂಡದ ನೋವು

ಧಾರವಾಡದ ಮಳೆಗೂ ಮುಂಬಯಿ ಮಳೆಗೂ ಇರುವ ಫರಕನ್ನು ಊರಿನವರಿಗೆ ಹೇಳಿ ತಿಳಿಸುವುದು ಕಷ್ಟ. ನಮ್ಮದು ಜಿಟಿಜಿಟಿ ಮಳೆ. ದಿನಗಟ್ಟಲೆ ಹಿಡಿಯುತ್ತದೆ, ಬಟ್ಟೆ ಒಣಗುವುದಿಲ್ಲ, ಗೋಡೆ ತೇವ ಹಿಡಿಯುತ್ತದೆ ಅನ್ನೋದಷ್ಟೇ ತಕರಾರು. ನೀರು ಮಣ್ಣಲ್ಲಿ ಇಂಗುತ್ತದೆ, ಉಳಿದದ್ದು ಇಳಿಜಾರು ಹಿಡಿದು ಹೋಗುತ್ತದೆ. ಮುಂಬಯಿಯಲ್ಲಿ ಬಿದ್ದ ಮಳೆಗೆ ಹೋಗಲು ದಾರಿಯೇ ಇಲ್ಲ. ಸಮುದ್ರಕ್ಕೆ ಭರತಿ ಬಂದಾಗ ಮಳೆ ಜೋರಾದರೆ ಗಟಾರದ ನೀರು ಸಮುದ್ರಕ್ಕೆ ಇಳಿಯುವ ಬದಲು ತಿರುಗಿ ಬೀದಿಗೆ ಬರುತ್ತದೆ. ಹಿಂದ್‌ಮಾತಾ, ಮಿಲನ್ ಸಬ್‌ವೇ, ಸಯನ್, ಕುರ್ಲಾ — ಪ್ರತಿ ವರ್ಷ ಅದೇ ಹೆಸರುಗಳು, ಅದೇ ಮೊಣಕಾಲುದ್ದ ನೀರು. ಅದರಲ್ಲೇ ಜನ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುತ್ತಾರೆ, ಮಕ್ಕಳು ಫುಟ್ಬಾಲ್ ಆಡುತ್ತಾರೆ. ಮಾರನೇ ದಿನ ಪತ್ರಿಕೆಯಲ್ಲಿ ಆ ಮಕ್ಕಳು ನಗುತ್ತಿರುವ ಫೋಟೋ ಬರುತ್ತದೆ. ನಾನು ಮಕ್ಕಳ ಡಾಕ್ಟರು. ಆ ಫೋಟೋ ನೋಡಿದಾಗೆಲ್ಲ ಮನಸ್ಸಿನಲ್ಲೇ ದಿನ ಎಣಿಸುತ್ತೇನೆ. ಇವತ್ತು ನೀರಿಗಿಳಿದವನಿಗೆ ಜ್ವರ ಬರುವುದು ಸಾಮಾನ್ಯವಾಗಿ ಐದರಿಂದ ಹದಿನಾಲ್ಕು ದಿನಕ್ಕೆ.

ಹುಬ್ಬಳ್ಳಿಯಲ್ಲಿ ಓದಿ, ಮದುವೆಯಾಗಿ 1991ರಲ್ಲಿ ಈ ಊರಿಗೆ ಬಂದೆ. ಇಲಿಜ್ವರ ಎಂಬ ಮಾತು ಅಲ್ಲಿ ಕೇಳಿರಲಿಲ್ಲ ಅಂತಲ್ಲ. ಪಠ್ಯಪುಸ್ತಕದಲ್ಲಿ ವೀಲ್ ಕಾಯಿಲೆ ಅಂತ ಅರ್ಧ ಪುಟ ಇತ್ತು. 1886ರಲ್ಲಿ ಜರ್ಮನಿಯ ಅಡಾಲ್ಫ್ ವೀಲ್ ಎಂಬ ವೈದ್ಯ ಜ್ವರ, ಕಾಮಾಲೆ, ಮೂತ್ರಪಿಂಡದ ತೊಂದರೆ ಮೂರೂ ಒಟ್ಟಿಗೆ ಬರುವ ರೋಗವೊಂದನ್ನು ವರ್ಣಿಸಿದ್ದರಿಂದ ಆ ಹೆಸರು. ಗಟಾರ ಬಳಿಯುವವರು, ಗದ್ದೆಯಲ್ಲಿ ಕೆಲಸ ಮಾಡುವವರು, ಕಸಾಯಿಖಾನೆಯವರು, ಇಂಥ ದೊಡ್ಡವರಿಗೆ ಬರುವ ರೋಗ ಎಂದು ನಾವೆಲ್ಲ ಓದಿದ್ದು. ಮಕ್ಕಳ ವಾರ್ಡಿನಲ್ಲಿ ಅದನ್ನು ಹುಡುಕಬೇಕೆಂದು ಯಾವ ಮೇಷ್ಟ್ರೂ ಹೇಳಿರಲಿಲ್ಲ. ಅದನ್ನು ಕಲಿಸಿದ್ದು ಮುಂಬಯಿ. 2000ದ ಮಳೆಗಾಲದ ಹೊತ್ತಿಗೇ ಸಯನ್ನಿನ ಲೋಕಮಾನ್ಯ ತಿಲಕ್ ಆಸ್ಪತ್ರೆಯ ಮಕ್ಕಳ ವಿಭಾಗದವರು ಝೋಪಡಪಟ್ಟಿಯ ಮಕ್ಕಳಲ್ಲಿ ಈ ರೋಗವನ್ನು ಹುಡುಕಿ ತೆಗೆದು ವೈದ್ಯಕೀಯ ಪತ್ರಿಕೆಗಳಲ್ಲಿ ಬರೆದರು. ಆಮೇಲೆ ನಾವೆಲ್ಲ ಎಚ್ಚೆತ್ತೆವು. ಈಗ ಇಲ್ಲಿ ಆಟೋದವನೂ 'ಲೆಪ್ಟೋ' ಅನ್ನುತ್ತಾನೆ.

ಲೆಪ್ಟೋಸ್ಪೈರಾ ಎಂಬುದು ಸುರುಳಿಯಾಕಾರದ, ಕೂದಲೆಳೆಗಿಂತ ಎಷ್ಟೋ ಪಟ್ಟು ಸಣ್ಣ ಜೀವಾಣು. 1907ರಲ್ಲಿ ಸ್ಟಿಮ್ಸನ್ ಎಂಬ ಅಮೆರಿಕದ ವೈದ್ಯ, ಹಳದಿ ಜ್ವರದಿಂದ ಸತ್ತನೆಂದು ತಿಳಿದಿದ್ದ ಒಬ್ಬ ರೋಗಿಯ ಮೂತ್ರಪಿಂಡದ ಚೂರಿನಲ್ಲಿ ಇದನ್ನು ನೋಡಿದ. ತುದಿ ಕೊಕ್ಕೆಯಂತೆ ಬಾಗಿ ಪ್ರಶ್ನಾರ್ಥಕ ಚಿಹ್ನೆಯಂತೆ ಕಂಡದ್ದರಿಂದ 'ಇಂಟರೋಗನ್ಸ್' ಎಂದು ಹೆಸರಿಟ್ಟ. ಇದೇ ಈ ರೋಗದ ಮೂಲ ಅಂತ ತೋರಿಸಿಕೊಟ್ಟವರು ಜಪಾನಿನ ಇನಾಡಾ ಮತ್ತು ಇಡೋ, ಮೊದಲ ಮಹಾಯುದ್ಧದ ಹೊತ್ತಿಗೆ. ಅವರ ರೋಗಿಗಳು ಕಲ್ಲಿದ್ದಲು ಗಣಿಯ ಕೂಲಿಗಳು. ಪ್ರಶ್ನೆಯ ಆಕಾರದ ರೋಗಾಣು ಅನ್ನೋದು ನನಗೆ ಯಾವತ್ತೂ ಸರಿಯಾದ ಹೆಸರು ಅನಿಸಿದೆ. ಯಾಕೆಂದರೆ ಈ ರೋಗ ಸಿಕ್ಕುವುದು ಪ್ರಶ್ನೆ ಕೇಳಿದರೆ ಮಾತ್ರ.

ಇಲಿ, ಹೆಗ್ಗಣದ ಮೂತ್ರಪಿಂಡದಲ್ಲಿ ಇದು ಸುಖವಾಗಿ ಮನೆ ಮಾಡಿಕೊಂಡಿರುತ್ತದೆ. ಇಲಿಗೆ ಏನೂ ಆಗುವುದಿಲ್ಲ. ನಾಯಿ, ಹಂದಿ, ದನ, ಎಮ್ಮೆಗಳಲ್ಲೂ ಇರುತ್ತದೆ. ಅವುಗಳ ಉಚ್ಚೆಯಲ್ಲಿ ಹೊರಬಂದು, ಹಸಿ ಮಣ್ಣಿನಲ್ಲಿ, ನಿಂತ ನೀರಿನಲ್ಲಿ ವಾರಗಟ್ಟಲೆ ಬದುಕಿರುತ್ತದೆ. ಅಂಗಾಲಿನ ಬಿರುಕು, ಮೊಣಕಾಲಿನ ತರಚು ಗಾಯ, ಕಣ್ಣು, ಮೂಗು, ಬಾಯಿ, ಎಲ್ಲಿಂದಾದರೂ ಒಳಗೆ ಹೋಗುತ್ತದೆ. ಬರಿಗಾಲಲ್ಲಿ ಓಡುವ ಮಗುವಿನ ಮೈಮೇಲೆ ತರಚು ಗಾಯ ಇಲ್ಲದ ದಿನ ಯಾವುದು ಹೇಳಿ? ಮುಂಬಯಿ ಮಹಾನಗರಪಾಲಿಕೆಯಲ್ಲಿ ರಾತ್ರಿ ಇಲಿ ಹೊಡೆಯುವುದಕ್ಕೆಂದೇ ಒಂದು ನೌಕರಿ ಇದೆ. ಒಂದು ಕೈಯಲ್ಲಿ ಬ್ಯಾಟರಿ, ಇನ್ನೊಂದರಲ್ಲಿ ದೊಣ್ಣೆ. ಒಂದು ರಾತ್ರಿಗೆ 30 ಇಲಿಯ ಲೆಕ್ಕ ಒಪ್ಪಿಸಬೇಕು. ಊರಲ್ಲಿ ಇದನ್ನು ಹೇಳಿದರೆ ನನ್ನ ಅಣ್ಣ ಇವತ್ತಿಗೂ ನಂಬುವುದಿಲ್ಲ.

2005ರ ಜುಲೈ 26ರ ಮಳೆಯ ಬಗ್ಗೆ ನೀವೆಲ್ಲ ಕೇಳಿದ್ದೀರಿ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್. ಅದೇ ದಿನ ದಕ್ಷಿಣದ ತುದಿಯ ಕೊಲಾಬಾದಲ್ಲಿ ಬಿದ್ದದ್ದು 73. ಮೀಠೀ ನದಿ (ನದಿ ಅಂತ ಕರೆಯುವುದು ರೂಢಿ ಅಷ್ಟೇ) ಉಕ್ಕಿ ಕುರ್ಲಾ, ಕಾಲಿನಾ ಕಡೆಯ ಖೋಲಿಗಳೊಳಗೆ ನುಗ್ಗಿತು. ಉಪನಗರದ ತಬೇಲಾಗಳಲ್ಲಿ ಎಮ್ಮೆಗಳು ಕಟ್ಟಿದ ಹಗ್ಗದಲ್ಲೇ ಮುಳುಗಿ ಸತ್ತವು. ನೀರು ಇಳಿದ ಮೇಲೆ ಒಂದು ವಾರ ಊರು ಕೆಸರು ಬಳಿಯುತ್ತಿತ್ತು. ನಾನು ಆಗ ಪೂರ್ವ ಉಪನಗರದ ಒಂದು ಮುನ್ಸಿಪಾಲ್ಟಿ ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿದ್ದೆ. ಮೊದಲ ವಾರ ಬಂದದ್ದು ವಾಂತಿ-ಭೇದಿ. ಎರಡನೇ ವಾರದಿಂದ ಜ್ವರ. ಒಂದೊಂದು ಮಂಚಕ್ಕೆ ಇಬ್ಬಿಬ್ಬರು, ನೆಲದ ಮೇಲೆ ಹಾಸಿಗೆ, ಅವುಗಳ ನಡುವೆ ನಾವು ಕಾಲಿಡಲು ಜಾಗ ಹುಡುಕುತ್ತ ಸುತ್ತು ಹಾಕುತ್ತಿದ್ದೆವು.

ಆಗಸ್ಟ್ 8ರ ಬೆಳಿಗ್ಗೆ. ಒಂಬತ್ತು ವರ್ಷದ ಹುಡುಗ. ಕೇಸ್‌ಪೇಪರಿನಲ್ಲಿ ನಮ್ಮ ರೆಸಿಡೆಂಟ್ ಡಾಕ್ಟರು ಬರೆದಿದ್ದ: ಐದು ದಿನದಿಂದ ಜ್ವರ, ತಲೆನೋವು, ವಾಂತಿ, ಮಲೇರಿಯಾ ಪರೀಕ್ಷೆಯಲ್ಲಿ ಏನೂ ಇಲ್ಲ, ನೀರಿನ ಸಂಪರ್ಕ ಇಲ್ಲ. ಮೊದಲು ಗಲ್ಲಿಯ ಡಾಕ್ಟರೊಬ್ಬರು ಎರಡು ನೋವಿನ ಇಂಜೆಕ್ಷನ್ ಕೊಟ್ಟಿದ್ದರು. ಆ ನೋವಿನ ಇಂಜೆಕ್ಷನ್ನುಗಳ ಬಗ್ಗೆ ನನಗಿರುವ ಸಿಟ್ಟನ್ನು ಇಲ್ಲಿ ಬರೆದರೆ ಪುಟ ಸಾಲದು. ಜ್ವರ ಯಾವುದೆಂದು ತಿಳಿಯದೆ ಕೊಟ್ಟ ಅಂಥ ಔಷಧ, ಮೊದಲೇ ಸೋತಿರುವ ಕಿಡ್ನಿಯನ್ನು ಇನ್ನಷ್ಟು ಸೋಲಿಸುತ್ತದೆ.

ಹುಡುಗ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಕಣ್ಣು ಕೆಂಪು. ಕಣ್ಣು ಬಂದಾಗ ಆಗುತ್ತದಲ್ಲ, ರೆಪ್ಪೆ ಅಂಟಿಕೊಂಡು ಪಿಸುರು ಬರುವುದು, ಹಾಗಲ್ಲ. ಪಿಸುರೂ ಇಲ್ಲ, ನೀರೂ ಇಲ್ಲ. ಬಿಳಿಗುಡ್ಡೆಯ ಮೇಲೆ ಕೆಂಪು ನೂಲಿನ ಬಲೆ ಹಾಸಿದ ಹಾಗೆ, ಎರಡೂ ಕಣ್ಣು. ಅದರ ಹಿಂದೆ ಒಂದು ಎಳೆ ಹಳದಿ. ಅವನನ್ನು ಹೊರಳಿಸಲು ಕಾಲಿಗೆ ಕೈ ಹಾಕಿದೆ ನೋಡಿ, ಚೀರಿದ.

"ಯವ್ವಾ! ಕಾಲ ಸೆಳೀತಾವ, ಮುಟ್ಟಬ್ಯಾಡ್ರಿ!"

ನನಗೆ ಒಂದು ಕ್ಷಣ ನಾನು ಎಲ್ಲಿದ್ದೇನೆ ಅನ್ನೋದೇ ಮರೆತುಹೋಯಿತು. ಕಾಲು ಸೆಳೆಯುವುದು ಎಂಬ ಮಾತು ಕೇಳಿ ಎಷ್ಟು ವರ್ಷವಾಗಿತ್ತು!

"ಯಾವೂರವಾ ನಿಮ್ದು?" ಅಂತ ತಾಯಿಯನ್ನು ಕೇಳಿದೆ. ಆಕೆ ನೆಟ್ಟ ನೋಟದಿಂದ ನನ್ನನ್ನೇ ನೋಡಿದಳು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಅಳಲು ಸುರುಮಾಡಿದಳು. ಮೂರು ದಿನದಿಂದ ತನ್ನ ಮಾತು ತಿಳಿಯುವವರು ಯಾರೂ ಸಿಕ್ಕಿರಲಿಲ್ಲ ಆಕೆಗೆ. ಗುಲಬರ್ಗಾ ಕಡೆಯವರು, ಭೀಮಾ ನದಿಯ ದಂಡೆಯ ಹಳ್ಳಿ. ಗಂಡ-ಹೆಂಡತಿ ಇಬ್ಬರೂ ಬಿಲ್ಡಿಂಗ್ ಕೆಲಸಕ್ಕೆ ಹೋಗುವವರು. ಈ ಊರಿನ ಎಷ್ಟೋ ಗೋಪುರಗಳ ಗಾರೆ ಹೊತ್ತವರು ಕಲಬುರ್ಗಿ, ಬಿಜಾಪುರ ಕಡೆಯ ನಮ್ಮ ಜನವೇ ಅನ್ನೋದು ಊರಲ್ಲಿರುವ ನಿಮಗೆ ಗೊತ್ತಿದೆಯೋ ಇಲ್ಲವೋ. ಮಾಟುಂಗಾದ ಸಭೆ-ಸಮಾರಂಭಗಳಲ್ಲಿ ಅವರು ಕಾಣುವುದಿಲ್ಲ.

"ಮೊನ್ನಿ ಆ ದೊಡ್ಡ ಮಳಿ ಬಂತಲ್ಲವಾ, ಅವತ್ತು ಇವ ಎಲ್ಲಿದ್ದ?"

"ಮನ್ಯಾಗ ಇದ್ನ್ರಿ ಬಾಯಾರ."

"ನೀರಾಗ ಇಳಿದಿದ್ನೇನು?"

"ಇಲ್ರಿ. ಆ ಸಣ್ಣ ಡಾಕ್ಟರೂ ಅದೇ ಕೇಳಿದ್ರು, ಪಾಣ್ಯಾತ್ ಗೇಲಾ ಹೋತಾ ಕಾ ಅಂತ. ನಾಹಿ ಅಂದ್ಯಾ. ಅವ ನೀರಿಗಿ ಹೋಗಿಲ್ರಿ. ನೀರೇ ನಮ್ಮ ಮನಿಗಿ ಬಂದಿತ್ತು. ಇಲ್ಲೀತನ." ಅಂತ ತನ್ನ ಎದೆಯ ಮೇಲೆ ಕೈ ಇಟ್ಟು ತೋರಿಸಿದಳು. "ಇವನ್ನ ಹೆಗಲ ಮ್ಯಾಲ ಕುಂದರಿಸ್ಕೊಂಡು ಇವರಪ್ಪ ರಾತ್ರಿ ಪೂರಾ ನಿಂತಿದ್ದ. ಮುಂಜಾನಿ ಇಳಿಸಿದ್ವಿ. ಆಮ್ಯಾಲ ಎರಡ್ ದಿನ ರಾಡಿ ಬಳದೀವ್ರಿ, ಇವನೂ ಬಳದಾನ."

"ಮನ್ಯಾಗ ಇಲಿ ಅದಾವೇನು?"

ಇದೆಂಥ ಪ್ರಶ್ನೆ ಅನ್ನುವ ಹಾಗೆ ನೋಡಿದಳು. "ಇಲಿ ಇಲ್ಲದ ಮನಿ ಈ ಊರಾಗ ಎಲ್ಲಿ ಅದ್ರಿ?"

ರೆಸಿಡೆಂಟ್ ಹುಡುಗನ ತಪ್ಪೇನೂ ಇರಲಿಲ್ಲ. ಅವನು ಸರಿಯಾದ ಪ್ರಶ್ನೆಯನ್ನೇ ಕೇಳಿದ್ದ. ಆಕೆ ಸರಿಯಾದ ಉತ್ತರವನ್ನೇ ಕೊಟ್ಟಿದ್ದಳು. ನೀರಿಗೆ ಹೋಗುವುದು ಅಂದರೆ ಆಕೆಯ ಲೆಕ್ಕದಲ್ಲಿ ಭೀಮಾ ನದಿಗೆ ಈಜಲು ಹೋಗುವುದು. ಅಂದಿನಿಂದ ನಾನು ನಮ್ಮ ಹುಡುಗರಿಗೆ 'ನೀರಿಗೆ ಹೋಗಿದ್ನಾ' ಅಂತ ಕೇಳಬೇಡಿ, ಮನೆಯೊಳಗೆ ನೀರು ಬಂದಿತ್ತಾ, ಕೆಸರು ಯಾರು ಬಳಿದರು, ಶಾಲೆಯಿಂದ ಯಾವ ದಾರಿಯಲ್ಲಿ ಬರುತ್ತಾನೆ, ಕಾಲಲ್ಲಿ ಗಾಯ ಇದೆಯಾ, ಮನೆಯಲ್ಲಿ ಇಲಿ, ನಾಯಿ, ಆಡು ಏನಿದೆ ಅಂತ ಬಿಡಿಬಿಡಿಯಾಗಿ ಕೇಳಿ ಎನ್ನುತ್ತ ಬಂದಿದ್ದೇನೆ.

ಈ ಒಂದು ಉತ್ತರಕ್ಕೆ ಎಷ್ಟು ತೂಕ ಅನ್ನೋದಕ್ಕೆ ಒಂದು ಲೆಕ್ಕವೇ ಇದೆ. ಫೈನ್ ಎಂಬ ತಜ್ಞ ವಿಶ್ವ ಆರೋಗ್ಯ ಸಂಸ್ಥೆಗಾಗಿ 1982ರಲ್ಲಿ ಒಂದು ಅಂಕಪಟ್ಟಿ ಮಾಡಿದ್ದರು. ಚೆನ್ನೈನ ವೈದ್ಯರು 2004ರಲ್ಲಿ ಅದನ್ನು ನಮ್ಮ ದೇಶಕ್ಕೆ ಹೊಂದುವಂತೆ ತಿದ್ದಿ, ಮಳೆಗೂ ಅಂಕ ಸೇರಿಸಿದರು. ತಲೆನೋವಿಗೆ 2, ಜ್ವರಕ್ಕೆ 2, ಜ್ವರ 39 ಡಿಗ್ರಿ ಸೆಲ್ಸಿಯಸ್ ದಾಟಿದ್ದರೆ ಇನ್ನೆರಡು. ಕೆಂಗಣ್ಣಿಗೆ 4, ಮಾಂಸಖಂಡದ ನೋವಿಗೆ 4. ಮೂತ್ರಪಿಂಡ ಕೆಟ್ಟಿದ್ದರೆ 2. ಕಾಮಾಲೆಗೆ ಎಷ್ಟು ಗೊತ್ತೇ? ಒಂದೇ ಒಂದು. ಮಳೆಗಾಲಕ್ಕೆ 5, ಕೊಳಕು ನೀರಿನ ಸಂಪರ್ಕಕ್ಕೆ 4, ಪ್ರಾಣಿಗಳ ಸಂಪರ್ಕಕ್ಕೆ 1. ಒಟ್ಟು 26 ಅಥವಾ ಅದಕ್ಕಿಂತ ಹೆಚ್ಚಾದರೆ ಇಲಿಜ್ವರವೆಂದೇ ಹಿಡಿಯಬೇಕು. ಆಮೇಲೊಮ್ಮೆ ಕೂತು ಈ ಹುಡುಗನ ಲೆಕ್ಕ ಹಾಕಿದೆ. 'ನಾಹಿ' ಎಂಬ ಉತ್ತರದೊಂದಿಗೆ ಅವನಿಗೆ 22. ತಾಯಿ ಕನ್ನಡದಲ್ಲಿ ಹೇಳಿದ್ದನ್ನು ಸೇರಿಸಿದರೆ 27.

ಅಂಕಪಟ್ಟಿ ಇರಲಿ, ರಕ್ತ ಪರೀಕ್ಷೆ ಇಲ್ಲವೇ ಅಂತ ನೀವು ಕೇಳಬಹುದು. ಇದೆ. ಆದರೆ ಅದು ತಡವಾಗಿ ಮಾತಾಡುವ ಸಾಕ್ಷಿ. ಮೊದಲ ವಾರ ರೋಗಾಣು ರಕ್ತದಲ್ಲೇ ಇರುತ್ತದೆ, ಆದರೆ ನಾವು ಮಾಮೂಲಾಗಿ ಹುಡುಕುವ ಐಜಿಎಮ್ ಪ್ರತಿಕಾಯ ಆಗಿನ್ನೂ ಹುಟ್ಟಿರುವುದಿಲ್ಲ. ಐದನೇ ದಿನಕ್ಕಿಂತ ಮೊದಲು ಪರೀಕ್ಷೆ ಮಾಡಿಸಿ 'ಇಲ್ಲ' ಅಂತ ಬಂದರೆ ಅದಕ್ಕೆ ಬೆಲೆ ಕಡಿಮೆ. ಪಿಸಿಆರ್ ಮೊದಲ ವಾರದಲ್ಲೇ ಹಿಡಿಯಬಲ್ಲದು, ಈಗ ಮುಂಬಯಿಯಲ್ಲಿ ಸಿಗುತ್ತದೆ, ಆಗ ನಮ್ಮ ವಾರ್ಡಿಗೆ ಅದು ಕನಸು. ಎಲ್ಲಕ್ಕಿಂತ ನಂಬಿಕಸ್ತ ಎನ್ನುವ ಮ್ಯಾಟ್ ಪರೀಕ್ಷೆಗೆ ಎರಡು ಸಲ, ವಾರ-ಎರಡು ವಾರ ಅಂತರದಲ್ಲಿ ರಕ್ತ ಬೇಕು. ಜೀವಾಣುವನ್ನು ಬೆಳೆಸಿ ನೋಡುತ್ತೇವೆ ಅಂದರೆ ವಾರಗಳೇ ಹಿಡಿಯುತ್ತವೆ. ಅಷ್ಟರಲ್ಲಿ ಮಗು ಒಂದೋ ಮನೆಗೆ ಹೋಗಿರುತ್ತದೆ, ಇಲ್ಲವೇ ಹೋಗಿಯೇಬಿಟ್ಟಿರುತ್ತದೆ.

ಹಾಗಾಗಿ ಸಾಮಾನ್ಯ ರಕ್ತ ಪರೀಕ್ಷೆಯಲ್ಲೇ ಸುಳಿವು ಹುಡುಕುತ್ತೇವೆ. ಡೆಂಗ್ಯೂ ಆಗಿದ್ದರೆ ಬಿಳಿ ರಕ್ತಕಣ ಸಾಮಾನ್ಯವಾಗಿ ಇಳಿದಿರುತ್ತದೆ. ಇಲ್ಲಿ ಹೆಚ್ಚಾಗಿ ಏರಿರುತ್ತದೆ. ಪ್ಲೇಟ್‌ಲೆಟ್ ಎರಡರಲ್ಲೂ ಇಳಿಯುತ್ತದೆ, ಅದಕ್ಕೇ ಬರೀ ಪ್ಲೇಟ್‌ಲೆಟ್ ನೋಡಿ ಡೆಂಗ್ಯೂ ಅಂದುಬಿಡುವವರು ಎಡವುತ್ತಾರೆ. ಮಾಮೂಲಿ ವೈರಸ್ಸಿನ ಕಾಮಾಲೆಯಲ್ಲಿ ಲಿವರಿನ ಎಂಜೈಮುಗಳು ಸಾವಿರದ ಲೆಕ್ಕಕ್ಕೆ ಏರುತ್ತವೆ, ಜ್ವರವೋ ಕಣ್ಣು ಹಳದಿಯಾಗುವ ಹೊತ್ತಿಗೆ ಬಿಟ್ಟಿರುತ್ತದೆ. ಇಲಿಜ್ವರದಲ್ಲಿ ಕಣ್ಣು ಅರಿಶಿನದ ಹಾಗಿದ್ದರೂ ಎಂಜೈಮ್ ನೂರು-ಇನ್ನೂರರ ಆಚೀಚೆ, ಜ್ವರ ಮಾತ್ರ ಹಾಗೇ ಇರುತ್ತದೆ. ನಮ್ಮ ಹುಡುಗನದೂ ಅದೇ ಚಿತ್ರ. ಬಿಲಿರುಬಿನ್ 6, ಎಂಜೈಮ್ 110. ಬಿಳಿ ಕಣ 17 ಸಾವಿರ. ಪ್ಲೇಟ್‌ಲೆಟ್ 48 ಸಾವಿರ. ಕ್ರಿಯಾಟಿನಿನ್ 2.8, ಒಂಬತ್ತು ವರ್ಷದವನಿಗೆ ಅದು ಒಂದರೊಳಗೆ ಇರಬೇಕಾದದ್ದು.

ವರದಿಗೆ ಕಾಯದೆ ಪೆನ್ಸಿಲಿನ್ ಸುರುಮಾಡಿದೆವು. ಹಳೆಯ ರೋಗಾಣುವಿಗೆ ಹಳೆಯ ಔಷಧ ಅಂತ ನಾವು ತಮಾಷೆ ಮಾಡುವುದಿತ್ತು. ಇವತ್ತಿಗೂ ಅದು ಕೆಲಸ ಮಾಡುತ್ತದೆ, ಸೆಫ್ಟ್ರಿಯಾಕ್ಸೋನೂ ಮಾಡುತ್ತದೆ. ಹಗುರ ರೋಗವಾದರೆ ಬಾಯಿಂದ ಕೊಡುವ ಅಮಾಕ್ಸಿಸಿಲಿನ್, ಅಜಿತ್ರೋಮೈಸಿನ್, ಡಾಕ್ಸಿಸೈಕ್ಲಿನ್‌ಗಳೇ ಸಾಕಾಗುತ್ತವೆ.

ಮೊದಲ ಸೂಜಿ ಮಾಡಿ ಎರಡು ತಾಸಿಗೆ ಹುಡುಗ ಗಡಗಡ ನಡುಗಿದ, ಜ್ವರ ಇನ್ನೂ ಏರಿತು. ರೋಗಾಣುಗಳು ಒಮ್ಮೆಲೇ ಸಾಯುವಾಗ ಹೀಗಾಗುವುದುಂಟು. ಆದರೆ ಅವನ ಅಪ್ಪನಿಗೆ ಹೇಳುವವರಾರು? ಅವನು ಸಂಜೆ ಕೆಲಸದಿಂದ ನೇರ ಬಂದಿದ್ದ, ಮೈತುಂಬ ಸಿಮೆಂಟು. ಕೈಯಲ್ಲಿ ಗಂಟು. "ಸೂಜಿ ಮಾಡಿದ ಮ್ಯಾಲ ಹೆಚ್ಚಾತು ನೋಡ್ರಿ. ನಾವು ಊರಿಗಿ ಒಯ್ತೀವಿ. ಇದು ಕಾಮಣಿ. ನಮ್ಮ ಕಡಿ ಕಾಮಣಿಗಿ ಬೇರು ಕೊಡ್ತಾರ, ಮೂರು ದಿನದಾಗ ಇಳಿತದ. ರಾತ್ರಿ ಗಾಡಿ ಅದ."

ವಾರ್ಡಿನ ಸಿಸ್ಟರು ಕಾಗದ ತಂದಿಟ್ಟಿದ್ದಳು, ಸ್ವಂತ ಜವಾಬ್ದಾರಿ ಮೇಲೆ ಕರೆದೊಯ್ಯುತ್ತೇವೆ ಅಂತ ಹೆಬ್ಬೆಟ್ಟು ಒತ್ತುವ ಕಾಗದ. ದಿನಕ್ಕೆ ನಾಲ್ಕೈದು ಜನ ಒತ್ತುತ್ತಿದ್ದರು. ಒಬ್ಬರು ಹೋದರೆ ಮಂಚ ಖಾಲಿಯಾಗುತ್ತದೆ ಎಂದು ಒಳಗೊಳಗೇ ಸಮಾಧಾನಪಡುವಷ್ಟು ಗರ್ದಿ ಇತ್ತು, ಸುಳ್ಳು ಯಾಕೆ ಹೇಳಲಿ.

ನಾನು ಅವನನ್ನು ಹೊರಗೆ ಜಿನೆಯ ಹತ್ತಿರ ಕರೆದುಕೊಂಡು ಹೋದೆ. "ನೋಡಪ್ಪಾ, ಹುಡುಗ ಇವತ್ತು ಎಷ್ಟು ಸಲ ಉಚ್ಚಿ ಹೊಯ್ದಾನ?"

ಅವನಿಗೆ ಗೊತ್ತಿರಲಿಲ್ಲ. ಹೆಂಡತಿಯನ್ನು ಕೇಳಿ ಬಂದ. "ಮುಂಜಾನಿಂದ ಒಂದೇ ಸಲ ಅಂತ್ರಿ. ಸ್ವಲ್ಪೇ. ಚಾ ಬಣ್ಣ."

"ಕಾಮಣಿ ಆಗಿದ್ರ ಹಳದಿ ಆಗ್ತದ, ಖರೆ. ಆದರ ಉಚ್ಚಿ ನಿಂದರಂಗಿಲ್ಲ. ಕಾಲ ಮುಟ್ಟಿದ್ರ ಹಿಂಗ ಚೀರಂಗಿಲ್ಲ. ಇದು ಇಲಿ ಉಚ್ಚಿಯಿಂದ ಬಂದ ಜ್ವರ. ಆ ನೀರಾಗ ಇತ್ತು. ಬೇರು ಕೊಟ್ಟವರ ಹತ್ರ ಕಿಡ್ನಿಗೆ ಔಷಧಿಲ್ಲ. ಗಾಡಿಯೊಳಗ ರಾತ್ರಿ ಹುಡುಗಗ ದಮ್ಮು ಹತ್ತಿದ್ರ ಯಾರನ್ನ ಕರೀತಿ? ವಾಡಿ ಬರೂತನ ಯಾರೂ ಸಿಗಂಗಿಲ್ಲ."

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ: "ನೀವು ಧಾರವಾಡದವ್ರೇನ್ರಿ? 'ಐತಿ' ಅಂತೀರಿ ಒಮ್ಮೊಮ್ಮೆ."

ಹೌದಪ್ಪ ಅಂದೆ.

"ನಿಮ್ಮ ಮಗ ಆಗಿದ್ರ ಒಯ್ತಿದ್ರೇನು?"

"ಒಯ್ತಿರಲಿಲ್ಲ."

ಗಂಟನ್ನು ಮಂಚದ ಕೆಳಗೆ ಇಟ್ಟ. ನಾನು ಅವನಿಗೊಂದು ಕೆಲಸ ಹಚ್ಚಿದೆ. ಗೆರೆ ಇರುವ ಒಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟು, ಹುಡುಗ ಹೊಯ್ದ ಪ್ರತಿ ಹನಿಯನ್ನೂ ಅಳೆದು, ಹೊತ್ತು ಹಾಕಿ ಬರೆದಿಡು ಅಂದೆ. ನಾಲ್ಕನೇ ಇಯತ್ತೆ ಓದಿದವನು. ಕನ್ನಡ ಅಂಕಿಯಲ್ಲಿ, ಬೀಡಿ ಕಟ್ಟಿನ ಕಾಗದದ ಹಿಂದೆ ಬರೆಯುತ್ತಿದ್ದ. ನಮ್ಮ ಮರಾಠಿ ರೆಸಿಡೆಂಟು ಆ ಚೀಟಿ ಓದುವುದಕ್ಕೆ ಕನ್ನಡ ಅಂಕಿ ಕಲಿತ.

ಮೊದಲ ರಾತ್ರಿ ಒಟ್ಟು 60 ಮಿಲಿ. ಎರಡನೇ ದಿನ ಕೆಮ್ಮು ಸುರುವಾಯಿತು, ಉಗುಳಿನಲ್ಲಿ ಒಂದೆಳೆ ರಕ್ತ. ಈ ರೋಗದಲ್ಲಿ ನಾವು ಕಾಮಾಲೆಗಿಂತ, ಕಿಡ್ನಿಗಿಂತ ಹೆಚ್ಚು ಹೆದರುವುದು ಇದಕ್ಕೆ. ಶ್ವಾಸಕೋಶದೊಳಗೆ ರಕ್ತ ಸೋರತೊಡಗಿದರೆ ತಾಸುಗಳಲ್ಲಿ ಮುಗಿಯುತ್ತದೆ. ಅದೇ ವಾರ ಏಳು ವರ್ಷದ ಒಬ್ಬ ಹುಡುಗಿ ರಾತ್ರಿ ಹತ್ತಕ್ಕೆ ನಡೆದುಕೊಂಡೇ ಬಂದಿದ್ದಳು, ಬೆಳಗಿನ ನಾಲ್ಕಕ್ಕೆ ಇರಲಿಲ್ಲ. ಜ್ವರ ಬಂದು ಐದು ದಿನ ಆಗಿತ್ತು, ಮೈ ಎಲ್ಲೂ ಹಳದಿ ಆಗಿರಲಿಲ್ಲ. ಅವಳ ತಾಯಿಯ ಮುಖ ನನಗೆ ನೆನಪಿದೆ. ಆ ಬಗ್ಗೆ ಇಷ್ಟು ಸಾಕು.

ನಮ್ಮ ಹುಡುಗನಿಗೆ ಆಮ್ಲಜನಕ ಹಚ್ಚಿ, ನೀರು ಎಷ್ಟು ಕೊಡಬೇಕು ಎಷ್ಟು ಕೊಡಬಾರದು ಎಂದು ಅವನಪ್ಪನ ಬೀಡಿ ಕಾಗದ ನೋಡಿಯೇ ತೀರ್ಮಾನಿಸುತ್ತ ಎರಡು ರಾತ್ರಿ ಕಳೆದೆವು. ಡಯಾಲಿಸಿಸ್‌ಗೆ ದೊಡ್ಡ ಆಸ್ಪತ್ರೆಗೆ ಹೇಳಿಟ್ಟಿದ್ದೆವು. ಬೇಕಾಗಲಿಲ್ಲ. ಮೂರನೇ ದಿನ ನಸುಕಿನಲ್ಲಿ ಅಪ್ಪ ಡಬ್ಬಿ ಹಿಡಿದುಕೊಂಡು ಡ್ಯೂಟಿ ರೂಮಿನ ಬಾಗಿಲಿಗೇ ಬಂದ. ಡಬ್ಬಿ ತುಂಬಿತ್ತು. "ನೂರಾ ಎಂಬತ್ತು ಅದ್ರಿ!" ಅಂದ. ಹಾಲು ಡೇರಿಗೆ ಹಾಕಲು ಬಂದವನ ಹಾಗೆ ಹಿಡಿದುಕೊಂಡಿದ್ದ ಅದನ್ನು.

ಅವನ ಮೊದಲ ಐಜಿಎಮ್ ವರದಿ ಬಂದದ್ದು ಆಮೇಲೆ. ಸಂಶಯಾಸ್ಪದ, ಹೌದೂ ಅಲ್ಲ ಇಲ್ಲವೂ ಅಲ್ಲ. ಹತ್ತನೇ ದಿನ ಮತ್ತೆ ಕಳಿಸಿದ್ದು 'ಇದೆ' ಎಂದು ಬಂತು. ಅಷ್ಟು ಹೊತ್ತಿಗೆ ಹುಡುಗ ಮಂಚದ ಮೇಲೆ ಕೂತು ವಡಾಪಾವ್ ಬೇಕೆಂದು ಹಟ ಹಿಡಿದಿದ್ದ.

ಇವನದು ಪುಸ್ತಕದಲ್ಲಿರುವ ಹಾಗೇ ಬಂದ ರೋಗ, ಅದಕ್ಕೇ ಗುರುತು ಹಿಡಿಯುವುದು ಸುಲಭವಾಯಿತು. ಮಕ್ಕಳಲ್ಲಿ ಬಹಳ ಸಲ ಇದು ಹೀಗೆ ಬರುವುದೇ ಇಲ್ಲ. ಹಳದಿಯಾಗದೆ, ಕಿಡ್ನಿ ಕೆಡದೆ, ಬರೀ ಜ್ವರ, ಮೈನೋವು, ವಾಂತಿ ಅಂತ ನಾಲ್ಕೈದು ದಿನ ಇದ್ದು ಹೋಗಿಬಿಡುತ್ತದೆ. ಕೆಲವರಲ್ಲಿ ಜ್ವರ ಬಿಟ್ಟು ಎರಡು ದಿನಕ್ಕೆ ತಿರುಗಿ ಬರುತ್ತದೆ, ಆಗ ತಲೆನೋವು ಸಿಡಿಯುತ್ತದೆ, ಕುತ್ತಿಗೆ ಬಗ್ಗುವುದಿಲ್ಲ. ಮಿದುಳಿನ ಪೊರೆಯ ಊತ. ಕೆಲವು ಮಕ್ಕಳು ಹೊಟ್ಟೆನೋವು ಅಂತಲೇ ಬರುತ್ತವೆ. ಅಪೆಂಡಿಕ್ಸ್ ಇರಬಹುದೆಂದು ಸರ್ಜನ್‌ರನ್ನು ಕರೆಸಿ, ಸೋನೋಗ್ರಫಿ ಮಾಡಿದರೆ ಪಿತ್ತಕೋಶ ಕಲ್ಲೇ ಇಲ್ಲದೆ ಊದಿಕೊಂಡಿರುತ್ತದೆ. ಇನ್ನು ಚಿಕ್ಕ ಕೂಸುಗಳು; ಅವಕ್ಕೆ ಮೀನಖಂಡ ನೋಯುತ್ತದೆ ಅಂತ ಹೇಳಲು ಬರುವುದಿಲ್ಲ. ನಡೆಯುತ್ತಿದ್ದದ್ದು ನಡೆಯುವುದಿಲ್ಲ, ಎತ್ತಿಕೋ ಅನ್ನುತ್ತದೆ, ಎತ್ತಿಕೊಂಡರೆ ಇನ್ನೂ ಅಳುತ್ತದೆ. ತಾಯಿ ಇದನ್ನು ಹೇಳಿದರೆ ನಾನು ಸ್ಟೆತಸ್ಕೋಪ್ ಕೆಳಗಿಟ್ಟು ಮೊದಲು ಕಾಲು ಮೆಲ್ಲಗೆ ಒತ್ತಿ ನೋಡುತ್ತೇನೆ, ಆಮೇಲೆ ಕಣ್ಣು.

ಇದು ಮುಂಬಯಿಯವರ ರೋಗ ಎಂದು ಊರಲ್ಲಿ ಕುಳಿತು ಓದುವ ನೀವು ತಿಳಿಯಬೇಡಿ. ನಮ್ಮ ಕರಾವಳಿ, ಮಲೆನಾಡಿನ ಗದ್ದೆ-ತೋಟಗಳಲ್ಲಿ ಇದು ಮೊದಲಿನಿಂದಲೂ ಇದೆ. ಕೇರಳದಲ್ಲಿ 2018ರ ಪ್ರವಾಹದ ಬೆನ್ನಿಗೇ ಬಂತು, ಅಲ್ಲಿಯ ಸರಕಾರ ಕೆಸರು ಬಳಿಯಲು ಇಳಿದವರಿಗೆಲ್ಲ ಡಾಕ್ಸಿಸೈಕ್ಲಿನ್ ಹಂಚಿತು. ಇಲ್ಲಿಯ ಮಹಾನಗರಪಾಲಿಕೆಯೂ ಈಗ ಪ್ರತಿ ದೊಡ್ಡ ಮಳೆಯ ನಂತರ ಹೇಳುತ್ತದೆ: ನೀರಲ್ಲಿ ನಡೆದವರು 24ರಿಂದ 72 ತಾಸಿನೊಳಗೆ ಡಾಕ್ಟರನ್ನು ಕಂಡು ಮುಂಜಾಗ್ರತೆಯ ಗುಳಿಗೆ ತೆಗೆದುಕೊಳ್ಳಿ, ಎಂಟು ವರ್ಷದೊಳಗಿನ ಮಕ್ಕಳಿಗೆ, ಬಸುರಿಯರಿಗೆ ಅಜಿತ್ರೋಮೈಸಿನ್. ಜನ ಕೇಳುತ್ತಾರೆಯೇ? ಅರ್ಧ ಜನ ಕೇಳುತ್ತಾರೆ. ಅದೇನೂ ಕಡಿಮೆ ಅಲ್ಲ.

ಆ ಹುಡುಗನ ಕುಟುಂಬ ಇನ್ನೂ ನಾಲ್ಕು ವರ್ಷ ಇಲ್ಲಿತ್ತು. ಊರಿಗೆ ಹೋಗಿ ಬಂದಾಗ ನನಗೆ ಶೇಂಗಾ ಹಿಂಡಿ, ಕಡಕ್ ರೊಟ್ಟಿ ತಂದುಕೊಡುತ್ತಿದ್ದರು. ಆಮೇಲೆ ತಿರುಗಿ ಊರಿಗೇ ಹೋದರು. ಫೋನ್ ಮಾತ್ರ ಬರುತ್ತಿತ್ತು, ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ.

2020ರ ಅಕ್ಟೋಬರಿನಲ್ಲಿ ಭೀಮಾ ನದಿಗೆ ದೊಡ್ಡ ಪ್ರವಾಹ ಬಂದು ಕಲಬುರ್ಗಿಯ ಹಳ್ಳಿಗಳೊಳಗೆಲ್ಲ ನೀರು ಹೊಕ್ಕಿತ್ತು. ಆ ತಿಂಗಳ ಕೊನೆಗೆ ಒಂದು ರಾತ್ರಿ ಫೋನ್ ಬಂತು. ಹುಡುಗನೇ. ಹುಡುಗ ಎಲ್ಲಿ, ಇಪ್ಪತ್ತನಾಲ್ಕು ವರ್ಷದ ಗಂಡಸು. ಅಕ್ಕನ ಮಗನಿಗೆ ಆರು ವರ್ಷ, ನಾಲ್ಕು ದಿನದಿಂದ ಉರಿ ಬಂದಾವಂತೆ.

"ಇಲ್ಲಿ ಎಲ್ಲಾರೂ ಕರೋನಾ ಅನ್ಲಿಕತ್ಯಾರ್ರಿ. ಮೂಗಿನ್ಯಾಗ ಕಡ್ಡಿ ಹಾಕಿ ನೋಡಿದ್ರು, ಇಲ್ಲ ಅಂತ ಬಂತು. ಅಂದ್ರೂ ಯಾರೂ ಹತ್ರ ಬರವಲ್ರು."

ಕಣ್ಣು ಹ್ಯಾಂಗದಾವ ಅಂತ ಕೇಳಿದೆ.

"ಕೆಂಪ ಅದಾವ್ರಿ. ಪಿಸುರಿಲ್ಲ. ಕಾಲ ಒತ್ತಿ ನೋಡೀನಿ, ಚೀರತಾನ."

"ತಾಲೂಕ ದವಾಖಾನಿಗೆ ಒಯ್ದು, ನೀರಾಗ..."

"ಅಲ್ಲೇ ಅದೀನ್ರಿ ಬಾಯಾರ. ಮನ್ಯಾಗ ನೀರ ಬಂದಿತ್ತು, ರಾಡಿ ಬಳದಾನ, ಇಲಿ ಅದಾವ ಅಂತ ಎಲ್ಲಾ ಹೇಳೀನಿ. ಡಾಕ್ಟರ ಕೇಳೂಕಿಂತ ಮೊದ್ಲೇ ಹೇಳೀನಿ. ರಕ್ತ ತಗೊಂಡಾರ, ಸೂಜಿ ಸುರು ಮಾಡ್ಯಾರ. ಹೆಸರು ಓದ್ತೀನಿ, ಸರಿ ಅದನೋ ಇಲ್ಲೋ ಹೇಳ್ರಿ."

ಒಂದೊಂದೇ ಅಕ್ಷರ ಕೂಡಿಸಿ ಓದಿದ. ಸೆಫ್ಟ್ರಿಯಾಕ್ಸೋನ್. ಸರಿ ಐತಿ ಅಂದೆ.

"ಉಚ್ಚಿ?"

"ಮುಂಜಾನಿಂದ ನಾಕು ಸಲ. ಅಪ್ಪ ಬರಕೋತ ಕುಂತಾನ್ರಿ."